ಟವೆಲ್ಲಿನ ಕೆಳಗೊಂದು ಕಾದಂಬರಿ

ದನದ ಬಜಾರಿನಲ್ಲಿ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸುತ್ತ ನಿಂತವರ ಕಿವಿಗಳೆಲ್ಲ ಅಲ್ಲೇ ಇರುತ್ತವೆ ನೋಡಿ. ಅದಕ್ಕೇ ಮಾರುವವನ ಕೈಮೇಲೆ ಒಂದು ಟವೆಲ್ ಹಾಕಿ, ದಲ್ಲಾಳಿ ಅದರ ಕೆಳಗೆ ತನ್ನ ಕೈ ತೂರಿಸುತ್ತಾನೆ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಇಡೀ ಪಂಜ ಹಿಡಿದು ಒತ್ತಿದರೆ ಐದು. ಮುಖದ ಮೇಲೆ ಏನೂ ಕಾಣಬಾರದು. ಮೇಲೆ ಬಾಯಿ ಮಳೆಯ ಸುದ್ದಿ, ಬೀಗರ ಸುದ್ದಿ ಮಾತಾಡುತ್ತಿರಬೇಕು. ಕೆಳಗೆ ಬೆರಳು ಜಗಳಾಡುತ್ತಿರಬೇಕು. ಐದು ಅಂದರೆ ಐದು ಸಾವಿರವೋ ಐವತ್ತು ಸಾವಿರವೋ ಎಂದು ಕೇಳುವವನು ಬಜಾರಿಗೆ ಹೊಸಬ. ಕೇಳುವ ಅಗತ್ಯವೇ ಇಲ್ಲ. ಎದುರಿಗೆ ಕಟ್ಟಿದ ಎತ್ತನ್ನು ನೋಡಿದರೆ ತಿಳಿಯುತ್ತದೆ.

ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ನಾನು ಮರೆತದ್ದು ಅದನ್ನೇ.

ನಾನು ನರೋಣಾ ಕಡೆಯವನು. ಹೊಟ್ಟೆಪಾಡಿಗೆ ಜೇವರ್ಗಿಗೆ ಬಂದು ನಿಂತವನು. ಮೊದಲು ಬಜಾರಿನಲ್ಲಿ ಹಗ್ಗ, ಮೂಗುದಾಣ, ಗೆಜ್ಜೆ ಮಾರುತ್ತಿದ್ದೆ. ಹಗ್ಗ ಕೊಳ್ಳಲು ಬಂದವರ ಮಾತು ಕೇಳುತ್ತ ಕೇಳುತ್ತ ದಲ್ಲಾಳಿಯಾದೆ. ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ಆಮೇಲೆ ನೆಲೋಗಿಯ ಒಬ್ಬ ಹಿರಿಯ ದಲ್ಲಾಳಿ ನನ್ನನ್ನು ಜೋಡಿಗೆ ತೆಗೆದುಕೊಂಡ. ನಮ್ಮಲ್ಲಿ ದಲ್ಲಾಳಿಗಳು ಎತ್ತಿನ ಹಾಗೆ ಜೋಡಿಯಾಗಿಯೇ ದುಡಿಯುತ್ತಾರೆ. ಒಬ್ಬ ಮಾರುವವನ ಪಕ್ಕ ನಿಲ್ಲುತ್ತಾನೆ, ಇನ್ನೊಬ್ಬ ಕೊಳ್ಳುವವನ ಪಕ್ಕ. ಅವನನ್ನು ನಾನು ಕಾಕಾ ಎನ್ನುತ್ತೇನೆ. ಆಳಂದ, ಅಫಜಲಪುರ, ಜೇವರ್ಗಿ: ಈ ಮೂರು ಬಜಾರು ನಮ್ಮವು.

ಕಥೆ ಬರೆಯುವ ಚಟ ಎಲ್ಲಿಂದ ಬಂತು ಎಂದು ಕೇಳಿದರೆ, ಅದೂ ಬಜಾರಿನಿಂದಲೇ. ಎತ್ತು ಒಂದೇ ಮಾರಾಟವಾಗುವುದಿಲ್ಲ, ಅದರ ಜೊತೆಗೊಂದು ಕಥೆ ಹೋಗುತ್ತದೆ. “ಈ ಎತ್ತು ನಮ್ಮವ್ವನ ಕೈಯಾಗಿನ ರೊಟ್ಟಿ ತಿಂದು ಬೆಳದದ” ಎಂದು ಒಬ್ಬ ಹೇಳುತ್ತಾನೆ. ಅದು ಸುಳ್ಳು ಎಂದು ಕೊಳ್ಳುವವನಿಗೂ ಗೊತ್ತು, ಆದರೂ ಕೇಳುತ್ತಾನೆ. ನಾನು ಬಸ್ಸಿನಲ್ಲಿ ಮನೆಗೆ ಬರುವಾಗ ಆ ಸುಳ್ಳುಗಳನ್ನು ಬರೆದಿಡತೊಡಗಿದೆ. ಬರೆದದ್ದು ಒಂದಕ್ಕೊಂದು ಅಂಟಿಕೊಂಡು ಕಾದಂಬರಿಯಾಯಿತು. ಅಫಜಲಪುರದಲ್ಲಿ ಒಬ್ಬರು ಛಾಪಖಾನೆ ಇಟ್ಟುಕೊಂಡು ಆಗಾಗ ಪುಸ್ತಕವನ್ನೂ ಹೊರತರುತ್ತಾರೆ. ಅವರೇ ಅದನ್ನು ಅಚ್ಚು ಹಾಕಿದರು.

ಗೌರವಧನ ಎಂದು ಅವರು ಕೊಟ್ಟದ್ದು ಹಣವಲ್ಲ, ಪುಸ್ತಕಗಳ ಕಟ್ಟು. ಕನ್ನಡದಲ್ಲಿ ಬರೆಯುವ ಎಷ್ಟೋ ಮಂದಿ ಈ ಕಟ್ಟನ್ನು ಮಂಚದ ಕೆಳಗೆ ತಳ್ಳಿ ಸುಮ್ಮನಾಗುತ್ತಾರೆ. ನಾನು ಸುಮ್ಮನಾಗುವ ಜಾತಿಯವನಲ್ಲ. ಬಜಾರಿಗೆ ಒಯ್ದೆ. ಹಗ್ಗ ಮಾರಿದವನಿಗೆ ಪುಸ್ತಕ ಭಾರವೇ? ಆದರೆ ಪುಸ್ತಕದ ಬೆನ್ನಿಗೆ ಬೆಲೆ ಅಚ್ಚಾಗಿರುತ್ತದಲ್ಲ, ಅದು ದೊಡ್ಡ ತೊಡಕಾಯಿತು. ಒಬ್ಬ ರೈತ ಅದನ್ನು ತಿರುಗಿಸಿ ನೋಡಿ, “ಪೈಲಾನೇ ರೇಟ್ ಬರದ್ರ ಯಾಪಾರ ಹ್ಯಾಂಗ ಮಾಡೂದು? ಇದರಾಗ ಏನ್ ಮಜಾ ಅದ?” ಎಂದು ಬೇಸರದಿಂದ ಕೆಳಗಿಟ್ಟ. ಮರುವಾರ ನಾನು ಬೆಲೆಯ ಮೇಲೆ ಒಂದು ಬಿಳಿ ಚೀಟಿ ಅಂಟಿಸಿ ಒಯ್ದೆ. ಆಗ ಚೌಕಾಸಿ ಮಾಡಿ ಮಾಡಿ ಕೊಂಡರು. ಕೆಲವರು ಅಚ್ಚಾದ ಬೆಲೆಗಿಂತ ಹೆಚ್ಚಿಗೆ ಕೊಟ್ಟರೂ ಗೆದ್ದೆನೆಂದು ಖುಷಿಯಿಂದ ಹೋದರು. ಬರೆಯುವವರಿಗೆ ನನ್ನ ಮೊದಲ ಸಲಹೆ ಇದು: ನಿಮ್ಮ ಪುಸ್ತಕವನ್ನು ಒಮ್ಮೆಯಾದರೂ ನೀವೇ ಮಾರಿ ನೋಡಿ. ಜನ ಅದನ್ನು ಯಾಕೆ ಕೊಳ್ಳುತ್ತಾರೆ ಎನ್ನುವುದು ವಿಮರ್ಶೆಯಲ್ಲಿ ಸಿಗುವುದಿಲ್ಲ.

ಆ ಪುಸ್ತಕ ಹೇಗೋ ಓಡಿತು. ಛಾಪಖಾನೆ ಮಾಲಕರು ಫೋನು ಮಾಡಿದರು.

“ಲೇಖಕರ, ಎರಡನೇದು ಬರೀರಿ. ಈ ಸಲ ಮುಂಗಡ ಕೊಡ್ತೇನಿ.”

ಮುಂಗಡ! ಆ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನ ತಲೆಗೆ ಹುಳ ಹೊಕ್ಕಿತು. ಪರದೇಶದಲ್ಲಿ ಕಾದಂಬರಿಕಾರರು ಬರೆಯುವ ಮೊದಲೇ ಹಣ ಪಡೆದು, ಅದನ್ನೇ ಉಣ್ಣುತ್ತ ಬರೆಯುತ್ತಾರೆ ಎಂದು ಎಲ್ಲೋ ಓದಿದ್ದೆ. ಹಾಗಾದರೆ ನಾನೂ ಒಂದು ವರ್ಷ ಬಜಾರು ಬಿಟ್ಟು ಬರೆಯಬಹುದೇ? ಬರೀ ಬರೆಯಬಹುದೇ? ಬಸ್ಸಿನ ಕುಲುಕಾಟದಲ್ಲಿ ಅಲ್ಲ, ಮನೆಯಲ್ಲಿ, ಬೆಳಗಿನ ಹೊತ್ತು, ಚಾ ಕುಡಿದು ಕೂತು?

ಹೆಂಡತಿಗೆ ಹೇಳಿದೆ. ಅವಳು ಮನೆಯ ಪಡಸಾಲೆಯಲ್ಲಿ ಮಷೀನಿಟ್ಟು ಸೀರೆಗಳಿಗೆ ಫಾಲು, ಪಿಕೋ ಹಾಕಿಕೊಡುತ್ತಾಳೆ. ಪೆಡಲ್ ಮೇಲಿನ ಕಾಲು ನಿಲ್ಲಿಸದೆ ಕೇಳಿದಳು:

“ಮುಂಗಡ ಅಂದ್ರ ಕೊಟ್ಟದ್ದೇನ್ರಿ, ಸಾಲಾ ಏನ್ರಿ?”

“ಸಾಲ ಅಲ್ಲ ಬೇ. ಪುಸ್ತಕ ಮಾರಿದ ಮ್ಯಾಲೆ ಬರೂ ರೊಕ್ಕ, ಮುಂಚೇನೇ ಕೊಡ್ತಾರ.”

“ಮಾರಲಿಲ್ಲ ಅಂದ್ರ?”

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ ವ್ಯಾಪಾರಕ್ಕೆ ಕೈ ಹಾಕುವವನಲ್ಲ ನಾನು. ಆದರೆ ಈ ಕಡೆ ಕಾಕಾ ಗಡಿಬಿಡಿ ಮಾಡುತ್ತಿದ್ದ. ನಾನು ಬಿಡುವ ವಿಚಾರದಲ್ಲಿದ್ದೇನೆ ಎಂಬ ವಾಸನೆ ಅವನಿಗೆ ಹತ್ತಿತ್ತು.

“ಲೇ ತಮ್ಮ, ಹೋಗಾಂವ ಇದ್ರ ಹೋಗು, ಇರಾಂವ ಇದ್ರ ಇರು. ನಮ್ಮ ಅಳಿಯ ಖಾಲಿ ಕುಂತಾನ. ಅಂವನ್ನ ಜೋಡಿಗೆ ತಗೋತೇನಿ. ಆದ್ರ ಒಮ್ಮಿ ತಗೊಂಡ ಮ್ಯಾಲೆ ಬಿಡ್ಸಾಕ ಬರೂದಿಲ್ಲ, ಮಗಳ ಮನಿ ವಿಷಯ ಅದು.”

ಲೆಕ್ಕ ಸರಳವಾಗಿತ್ತು. ನಾನು ಜಾಗ ಬಿಟ್ಟರೆ ಅದು ಹೋಯಿತು. ಬದಲಿಗೆ ಸಿಗುವ ಮುಂಗಡ ಒಂದು ವರ್ಷ ಮನೆ ನಡೆಸೀತೇ? ಆ ದಿನಗಳಲ್ಲಿ ಎತ್ತಿನ ಹಲ್ಲು ನೋಡುವಾಗಲೂ ನನ್ನ ತಲೆಯಲ್ಲಿ ಇದೊಂದೇ ಪ್ರಶ್ನೆ.

ಮುಂಗಡ ಉಂಡು ಬದುಕುವವರು ನಮ್ಮ ಸೀಮೆಯಲ್ಲಿ ಬೇರೆ ಯಾರಿದ್ದಾರೆ ಎಂದು ಹುಡುಕಿದೆ. ಆಳಂದದಲ್ಲಿ ಲಗ್ನಕ್ಕೆ ಬಾಜಾ ಬಾರಿಸುವ ಬ್ಯಾಂಡಿನ ಮಾಸ್ತರ ಒಬ್ಬರಿದ್ದಾರೆ. ಮಾತು ಮುರಿಯದಿರಲಿ ಎಂದು ಮೊದಲೇ ಕೈಗಿಡುವ ಹಣಕ್ಕೆ ನಮ್ಮ ಕಡೆ ಸಂಚಕಾರ ಎನ್ನುತ್ತೇವೆ. ಅವರ ದಂಧೆಯೆಲ್ಲ ಸಂಚಕಾರದ ಮೇಲೆ. ಆಳಂದ ಬಜಾರು ಮುಗಿಸಿ ಅವರ ಮನೆಗೆ ಹೋದೆ. ಅಂಗಳದಲ್ಲಿ ಕೂತು ಕ್ಲಾರಿಯೊನೆಟ್ಟಿನ ಬಾಯಿ ಒರೆಸುತ್ತಿದ್ದರು.

“ಮಾಸ್ತರ, ಲಗ್ನದ ಸೀಜನ್ ಇಲ್ಲದಾಗ ಏನ್ ಉಣ್ತೀರಿ?”

“ಸಂಚಕಾರ ಉಣ್ತೇವ್ರಿ.”

“ಸೀಜನ್ ಬಂದಾಗ?”

“ಆಗ ಬಾರಸ್ತೇವ್ರಿ. ಉಂಡದ್ದನ್ನೇ ಬಾರಸ್ತೇವಿ. ವರನ ಅಪ್ಪ ಉಳದ ರೊಕ್ಕ ಕೊಡೂ ಮುಂದ ಮಾರಿ ಹಿಂಗ ಮಾಡ್ತಾನ್ರಿ,” ಎಂದು ಅವರು ಮುಖ ಸಿಂಡರಿಸಿ ತೋರಿಸಿದರು. “ಪೈಲಾ ಕೊಟ್ಟಾಗ ಕೈ ಮುಗದು ಕೊಟ್ಟಿದ್ದ. ಕಡೀಕ ಕೊಡೂ ಮುಂದ, ಬ್ಯಾಂಡ್ ಬ್ಯಾಸರಾ ಆತು ಅಂತಾನ.”

“ಹಂಗಾದ್ರ ಮುಂಗಡದ ಮ್ಯಾಲೆ ಬದುಕಬಹುದು ಅನ್ರಿ.”

“ಒಂದ ಲಗ್ನದ್ದು ಉಂಡ್ರ ಆಗೂದಿಲ್ರಿ. ಊರೆಲ್ಲಾ ಲಗ್ನ ಇರಬೇಕು. ನೀವು ವರ್ಷಕ್ಕ ಎಷ್ಟ ಕಾದಂಬರಿ ಬರೀತೀರಿ?”

“ಒಂದು ಆದ್ರ ಭಾಳಾತು.”

ಮಾಸ್ತರ ನನ್ನನ್ನು ಕರುಣೆಯಿಂದ ನೋಡಿ ಒಳಗೆ ಚಾ ಹೇಳಿದರು.

ಆಮೇಲೆ ಅಫಜಲಪುರಕ್ಕೆ ಹೋದೆ. ಆದರೆ ನೇರ ಮಾಲಕರ ಬಳಿ ಹೋಗಲಿಲ್ಲ. ಎದುರಿನ ಚಾದಂಗಡಿಯಲ್ಲಿ ಕೂತೆ. ಇದು ನನ್ನ ಎರಡನೆಯ ಸಲಹೆ: ಪ್ರಕಾಶಕರ ಜೊತೆ ಹಣದ ಮಾತಾಡುವ ಮುನ್ನ ಅವರ ಅಂಗಡಿಯ ಎದುರು ಅರ್ಧ ದಿನ ಕೂತು ನೋಡಿ. ಯಾರು ಬರುತ್ತಾರೆ, ಏನು ಒಯ್ಯುತ್ತಾರೆ? ನಾನು ನೋಡಿದೆ. ಲಗ್ನಪತ್ರಿಕೆಯವರು ಬಂದರು. ಅಂಗಡಿಯ ಬಿಲ್ಲುಪುಸ್ತಕದವರು ಬಂದರು. ಹುಟ್ಟುಹಬ್ಬದ ಬ್ಯಾನರಿನವರು ಬಂದು, ತಮ್ಮ ನಾಯಕರ ಮುಖ ಇನ್ನಷ್ಟು ಬೆಳ್ಳಗೆ ಮಾಡಿಕೊಡಿ ಎಂದು ಜಗಳ ತೆಗೆದರು. ಕಾದಂಬರಿ ಕೇಳಿ ಬಂದವರು ಒಬ್ಬರೇ, ನಿವೃತ್ತ ಶಾಲಾ ಮಾಸ್ತರರು. ಅವರೂ ನಿಂತಲ್ಲೇ ಹತ್ತು ಪುಟ ಓದಿ ಇಟ್ಟು ಹೋದರು.

ನನಗೆ ಆಶ್ಚರ್ಯವಾಯಿತು. ಕಾದಂಬರಿಯಿಂದ ಕಾದಂಬರಿಕಾರ ಬದುಕಬಹುದೇ ಎಂದು ನಾನು ಕೇಳುತ್ತ ತಿರುಗುತ್ತಿದ್ದೆ. ಕಾದಂಬರಿಯಿಂದ ಪ್ರಕಾಶಕರೇ ಬದುಕುತ್ತಿಲ್ಲವಲ್ಲ! ಊರವರ ಮದುವೆಗಳು ಇವರಿಗೆ ಅನ್ನ ಹಾಕುತ್ತವೆ, ಇವರು ಅದರಲ್ಲಿ ಒಂದು ತುತ್ತು ತೆಗೆದು ಕಾದಂಬರಿಗೆ ಹಾಕುತ್ತಾರೆ. ಅಷ್ಟು ನೋಡಿದ ಮೇಲೆ ಯಾರಾದರೂ ಎದ್ದು ಮನೆಗೆ ಹೋಗಬೇಕಿತ್ತು. ನಾನು ಹೋಗಲಿಲ್ಲ. ಯಾಕೆಂದರೆ ಒಂದೇ ಬೆಳಿಗ್ಗೆ ಅಷ್ಟು ಗಿರಾಕಿ ಬಂದ ಅಂಗಡಿಯನ್ನು ಕಣ್ಣಾರೆ ನೋಡಿದ್ದೆ. ಇವರ ಕೈಯಲ್ಲಿ ಹಣವಿದೆ ಎಂದು ದಲ್ಲಾಳಿಯ ಬುದ್ಧಿ ಹೇಳಿತು.

ಒಳಗೆ ಹೋದೆ. ಮಾಲಕರು ನನ್ನ ವಯಸ್ಸಿನವರೇ. ಒಕ್ಕಲುತನದ ಮನೆಯಿಂದ ಬಂದವರು.

“ಬರ್ರಿ ಲೇಖಕರ! ಎದುರಿಗಿನ ಅಂಗಡ್ಯಾಗ ಎಷ್ಟ ಚಾ ಆದ್ವು? ಮುಂಜಾನಿಂದ ನೋಡಾಕತ್ತೇನಿ.”

ಸಿಕ್ಕಿಬಿದ್ದೆ. ಆದರೂ ನಕ್ಕು ಕೂತೆ. ಆ ಮಾತು ಈ ಮಾತು ಆಯಿತು. ಹಾಳೆಯ ರೇಟು ಏರಿದ್ದು ಹೇಳಿದರು. ಅದನ್ನು ಎಲ್ಲ ಪ್ರಕಾಶಕರೂ ಮೊದಲೇ ಹೇಳುತ್ತಾರೆ, ಎತ್ತು ಕೊಳ್ಳುವವನು ಮೊದಲು ಕೋಡು ಸೊಟ್ಟಗಿದೆ ಅನ್ನುವ ಹಾಗೆ. ಕೊನೆಗೆ ಮುಂಗಡದ ಮಾತು ಬಂತು. ಅಂಗಡಿಯಲ್ಲಿ ಪತ್ರಿಕೆ ಆರಿಸುತ್ತ ಒಂದು ಲಗ್ನದ ಮನೆಯವರೆಲ್ಲ ಕೂತಿದ್ದರು. ಅವರೆದುರು ಹಣ ಮಾತಾಡುವುದು ಹೇಗೆ? ಮಾಲಕರು ಗೋಡೆಯ ಮೊಳೆಗೆ ತೂಗುಹಾಕಿದ್ದ ಟವೆಲ್ ಕಡೆ ನೋಡಿ ಕಣ್ಣು ಮಿಟುಕಿಸಿದರು.

“ನಮ್ಮಪ್ಪ ಬಜಾರಕ ಹೋಗಾಗ ನಾನೂ ಬೆನ್ನ ಹತ್ತಿ ಹೋಗ್ತಿದ್ದೆ. ನೋಡೂಣೇನು, ಕೈ ಮರತದೋ ಏನೋ?”

ನನ್ನ ಮನಸ್ಸು ಹೂವಾಯಿತು. ಇವರು ನಮ್ಮವರೇ! ಟವೆಲ್ ಹಾಸಿದೆವು. ಅವರು ಎರಡು ಬೆರಳು ಹಿಡಿದರು. ನಾನು ಪಂಜ ಒತ್ತಿ ಮೇಲೆ ಇನ್ನೆರಡು ಸೇರಿಸಿದೆ. ಮೇಲೆ ಬಾಯಲ್ಲಿ ಭೀಮಾ ನದಿಗೆ ನೀರು ಬಿಟ್ಟ ಸುದ್ದಿ ಹೇಳುತ್ತಿದ್ದೆ. ಅವರು ಮೂರು ಹಿಡಿದರು. ನಾನು ಕೈ ಎಳೆದುಕೊಳ್ಳುವ ಸೋಗು ಹಾಕಿದೆ. ಬಿಡಲಿಲ್ಲ. ನಾಲ್ಕು ಹಿಡಿದರು. ಕೊನೆಗೆ ಪಂಜ ಒತ್ತಿದರು. ಐದು. ನಾನೂ ಒತ್ತಿದೆ. ಲಗ್ನದ ಮನೆಯ ಅಜ್ಜಿ ನಮ್ಮನ್ನೇ ನೋಡುತ್ತಿದ್ದಳು. “ಏನ್ ಮಾರಿದ್ರಪಾ?” ಎಂದಳು. “ಇನ್ನಾ ಹುಟ್ಟಿಲ್ಲಬೇ ಯವ್ವ” ಎಂದು ಮಾಲಕರು ನಕ್ಕರು.

ಐವತ್ತು ಸಾವಿರ! ಜೇವರ್ಗಿ ಬಸ್ಸಿನಲ್ಲಿ ಕೂತು ನಾನು ಲೆಕ್ಕ ಹಾಕಿದೆ. ಅಕ್ಕಿ, ಜೋಳ, ಕರೆಂಟು, ಗ್ಯಾಸು. ಹೆಂಡತಿಯ ಪಿಕೋ ದುಡಿಮೆ ಸೇರಿದರೆ ಬಿಗಿಯಾಗಿ ಒಂದು ವರ್ಷ ತಳ್ಳಬಹುದು. ಬಜಾರಿನಲ್ಲಿ ಐವತ್ತು ಸಾವಿರ ಒಂದು ಸಾಧಾರಣ ಎತ್ತಿನ ಬೆಲೆ. ನನ್ನ ಕಾದಂಬರಿ ಒಂದು ಸಾಧಾರಣ ಎತ್ತಿಗೆ ಸಮವಲ್ಲವೇ? ನನಗೆ ಅದರಲ್ಲಿ ಅನುಮಾನವೇ ಬರಲಿಲ್ಲ.

ಮರುದಿನ ಕಾಕಾನಿಗೆ ಹೇಳಿಬಿಟ್ಟೆ. ಅವನು ನನ್ನನ್ನು ಹಿಡಿದು ನಿಲ್ಲಿಸಲಿಲ್ಲ, ಬೈಯಲೂ ಇಲ್ಲ. “ಬರಿ ಬರಿ. ಎತ್ತಿನ ಬಗ್ಗೆ ಬರದ್ರ ಮೈಮ್ಯಾಲಿನ ಕೂದಲ ಸುಳಿ ಸರೀ ಬರಿ. ಪೈಲೇ ಪುಸ್ತಕದಾಗ ಸುಳಿ ತಪ್ಪ ಇತ್ತು” ಎಂದಷ್ಟೇ ಹೇಳಿ ಅಳಿಯನಿಗೆ ಫೋನು ಹಚ್ಚಿದ.

ಬೆಳಿಗ್ಗೆ ಎದ್ದು ಬರೆಯತೊಡಗಿದೆ. ಒಬ್ಬ ಮುದುಕಿ ಬಜಾರಿನಲ್ಲಿ ಎತ್ತು ಕೊಳ್ಳುತ್ತಾಳೆ. ಅದು ಒಂದು ಹೆಜ್ಜೆಯನ್ನೂ ಇಡುವುದಿಲ್ಲ. ಅದನ್ನು ಏನೆಂದು ಕರೆದರೆ ನಡೆಯುತ್ತದೋ ಅವಳಿಗೆ ಗೊತ್ತಿಲ್ಲ. ಮಾರಿದವನು ಅದರ ಹೆಸರು ಹೇಳಲು ಮರೆತು ಹೋಗಿದ್ದಾನೆ. ಅವಳು ಬಜಾರಿನಿಂದ ಬಜಾರಿಗೆ ಅವನನ್ನು ಹುಡುಕುತ್ತಾಳೆ, ಒಂದು ಹೆಸರು ಕೇಳಿಕೊಳ್ಳಲು. ಇಷ್ಟು ಹೊಳೆದಿತ್ತು. ಮೊದಲ ಅಧ್ಯಾಯ ಆಗುವಷ್ಟರಲ್ಲಿ ಫೋನು ಟಿಣ್ ಎಂದಿತು. ಮಾಲಕರು ಹಣ ಹಾಕಿದ್ದರು. ಐದು ಸಾವಿರ.

“ಇದು ಪೈಲೇ ಕಂತು ಇರಬೇಕು,” ಎಂದೆ.

ಹೆಂಡತಿ ಈ ಸಲ ಪೆಡಲ್ ನಿಲ್ಲಿಸಿದಳು. “ಕಂತಿನ ಮಾತು ಆಗಿತ್ತೇನ್ರಿ?”

ಆಗಿರಲಿಲ್ಲ. ಮತ್ತೆ ಅಫಜಲಪುರದ ಬಸ್ಸು ಹತ್ತಿದೆ.

“ಐದು ಅಂದ್ರ ಐದು ಸಾವಿರ್ರಿ!” ಮಾಲಕರು ಕುರ್ಚಿಯಿಂದ ಎದ್ದೇ ಬಿಟ್ಟರು. “ಐವತ್ತ? ನಾ ಮಷೀನ್ ಮಾರಬೇಕಾಗ್ತದ! ನೀವು ಎತ್ತ ಮಾರಾಕ ಬಂದಿದ್ರೇನು?”

“ಬಜಾರದಾಗ ಪಂಜ ಒತ್ತಿದ್ರ ಏನ್ ಅರ್ಥ, ನಿಮಗ ಗೊತ್ತಿಲ್ಲೇನ್ರಿ?”

“ನಮ್ಮಪ್ಪ ಆಡು ಮಾರಿದಾಗೂ ಪಂಜ ಒತ್ತಿದ್ರು, ಅದೂ ಐದೇ ಸಾವಿರ ಇತ್ತು!”

ಇಬ್ಬರೂ ಸುಳ್ಳಾಡುತ್ತಿರಲಿಲ್ಲ. ಅದೇ ವಿಚಿತ್ರ. ಅವರ ಬೆರಳೂ ಸರಿ, ನನ್ನ ಬೆರಳೂ ಸರಿ. ಎದುರಿಗೆ ಎತ್ತೂ ಇರಲಿಲ್ಲ, ಆಡೂ ಇರಲಿಲ್ಲ. ಟವೆಲ್ಲಿನ ಕೆಳಗೆ ನಾವು ಬೆಲೆ ಕಟ್ಟಿದ್ದು ಯಾರೂ ನೋಡದ ಪ್ರಾಣಿಗೆ. ನಾನು ನನ್ನ ಕಣ್ಣಿಗೆ ಕಂಡ ಎತ್ತಿಗೆ ಬೆಲೆ ಹೇಳಿದ್ದೆ, ಅವರು ತಮ್ಮ ಕಣ್ಣಿಗೆ ಕಂಡ ಆಡಿಗೆ.

ಬಜಾರಿನಲ್ಲಿ ಹೀಗೆ ತಕರಾರು ಬಂದರೆ ಮೂರನೆಯ ದಲ್ಲಾಳಿಯನ್ನು ಪಂಚನಾಗಿ ಕರೆಯುತ್ತಾರೆ; ಅವನು ಹೇಳಿದ್ದೇ ಕೊನೆ. ಅಂದು ಅಫಜಲಪುರದ ಬಜಾರು. ಕಾಕಾ ಅಲ್ಲೇ ಇರುತ್ತಾನೆ.

“ಕಾಕಾ ನನ್ನ ಜೋಡಿ ಇದ್ದಾಂವ, ನನ್ನ ಕಡೆ ಹೇಳ್ತಾನ ಅಂದೀರಿ ಮತ್ತ,” ಎಂದೆ.

“ಬಿಟ್ಟ ಬಂದೀರಲ್ಲ, ನಿಮ್ಮ ಮ್ಯಾಲೆ ಸಿಟ್ಟ ಇರ್ತದ. ಕರೀರಿ,” ಎಂದರು ಮಾಲಕರು. ವ್ಯಾಪಾರಸ್ಥ ಎಂದರೆ ಹೀಗಿರಬೇಕು.

ಕಾಕಾ ಅಳಿಯನನ್ನು ಬಜಾರಿನಲ್ಲಿ ಬಿಟ್ಟು, ಕೈಯಲ್ಲಿ ಬಾರುಕೋಲು ಹಿಡಿದೇ ಬಂದ. ಎರಡೂ ಕಡೆಯ ಮಾತು ಕೇಳಿದ. ಕೇಳಿ ಒಂದೇ ಮಾತು ಹೇಳಿದ:

“ಎತ್ತ ತೋರಸ್ರಿ.”

“ಯಾವ ಎತ್ತ ಕಾಕಾ?”

“ಮಾರಿದ್ದು ಏನೋ ಅದು. ನೋಡದೆ ಹ್ಯಾಂಗ ಹೇಳಲಿ?”

ಚೀಲದಲ್ಲಿ ಆ ಒಂದು ಅಧ್ಯಾಯವಿತ್ತು. ತೆಗೆದು ಓದಿದೆ. ಲಗ್ನಪತ್ರಿಕೆಯ ಮಾದರಿಗಳು, ಬಿಲ್ಲುಪುಸ್ತಕಗಳ ನಡುವೆ ಸ್ಟೂಲಿನ ಮೇಲೆ ಕೂತು ಓದಿದೆ. ಸಭೆಗಳಲ್ಲಿ ಓದಿದ್ದೇನೆ, ಅಲ್ಲಿ ಹೆದರಿಕೆಯಾಗಿಲ್ಲ. ಅಲ್ಲಿ ಯಾರೂ ಹಲ್ಲು ಹಿಡಿದು ನೋಡುವುದಿಲ್ಲ. ಕಾಕಾ ಕಣ್ಣು ಮುಚ್ಚಿ ಕೇಳುತ್ತಿದ್ದ. ಮಲಗಿದನೇನೋ ಎಂದುಕೊಂಡರೆ, ಮಧ್ಯದಲ್ಲಿ “ಯಾವ ಬಣ್ಣದ್ದು?” ಎಂದ.

“ಏನು?”

“ಎತ್ತ ಲೇ. ಇಷ್ಟ ಓದಿದಿ, ಬಣ್ಣಾನೇ ಹೇಳಿಲ್ಲ.”

ಬರೆಯಲು ಮರೆತಿದ್ದೆ. ಮುಂದೆ ಓದಿದೆ. ಮುದುಕಿ ಎತ್ತಿನ ಕಿವಿಯಲ್ಲಿ ತನಗೆ ಗೊತ್ತಿದ್ದ ಹೆಸರೆಲ್ಲ ಕರೆದು ನೋಡುವಲ್ಲಿಗೆ ಅಧ್ಯಾಯ ನಿಂತಿತ್ತು. ನಾನೂ ನಿಂತೆ.

ಕಾಕಾ ಕಣ್ಣು ಬಿಟ್ಟ. “ಮತ್ತ? ಮಾರಿದಾಂವ ಸಿಕ್ಕನೇನ ಆಕಿಗಿ?”

“ಗೊತ್ತಿಲ್ಲ ಕಾಕಾ. ಇನ್ನಾ ಬರದಿಲ್ಲ.”

“ನಿನಗೂ ಗೊತ್ತಿಲ್ಲ?”

“ಇಲ್ಲ.”

“ನಿನಗೇ ಗೊತ್ತಿಲ್ಲಂದ್ರ ಈ ಮನಷ್ಯಾ ಯಾವದಕ್ಕ ಐವತ್ತ ಸಾವಿರ ಕೊಡಬೇಕಲೇ?”

ಮಾಲಕರು ಗೆದ್ದವರ ಹಾಗೆ ಕೈ ಕಟ್ಟಿ ಕೂತರು. ಕಾಕಾ ಅವರ ಕಡೆ ಬಾರುಕೋಲು ತಿರುಗಿಸಿದ.

“ನೀವೂ ನಗಬ್ಯಾಡ್ರಿ. ಇದು ಆಡಲ್ಲ. ಹೋರಿಗರ ಅದ. ಇನ್ನಾ ಹಾಲ್ಹಲ್ಲು. ನಾಳಿ ಏನ ಆಗ್ತದೋ ಯಾರಿಗಿ ಗೊತ್ತು? ಹೋರಿಗರಕ್ಕ ಬಜಾರದಾಗ ಏನ ಮಾಡ್ತೇವಿ?”

ನಮ್ಮಿಬ್ಬರಿಗೂ ಗೊತ್ತಿತ್ತು. ಎಳೆಯ ಕರುವನ್ನು ಕೆಲವರು ಮಾರುವುದಿಲ್ಲ, ಪಾಲಿಗೆ ಹಾಕುತ್ತಾರೆ. ಕರು ಒಬ್ಬನದು, ಮೇಯಿಸಿ ದೊಡ್ಡದು ಮಾಡುವವನು ಇನ್ನೊಬ್ಬ. ಬೆಳೆದು ಮಾರಿದ ದಿನ, ಬಂದದ್ದರಲ್ಲಿ ಇಬ್ಬರಿಗೂ ಸಮಪಾಲು.

“ಕರ ಇವಂದು,” ಎಂದ ಕಾಕಾ ನನ್ನನ್ನು ತೋರಿಸಿ. “ಕೊಟ್ಟಿಗಿ ನಿಮ್ಮದು. ಕೊಟ್ಟ ಐದು ಸಾವಿರ ಕೊಟ್ಟಾಂಗ, ತಿರಗಿ ಕೇಳಾಂಗಿಲ್ಲ. ಹಾಳಿ ಖರ್ಚ ತಗದ ಮ್ಯಾಲೆ ಮಾರಿದ್ದರಾಗ ಅರ್ಧ ಅರ್ಧ. ಪುಸ್ತಕದ ಕಟ್ಟ ಕೊಟ್ಟು ಕಳಸೂದು ಇಲ್ಲ.”

ಮಾಲಕರು ಕೈ ಬಿಚ್ಚಿದರು. “ಅರ್ಧ ಭಾಳ ಆತ್ರಿ ಕಾಕಾ! ಅಂಗಡಿ ಬಾಡಿಗಿ ಯಾರ ಕೊಡಬೇಕು? ಪುಸ್ತಕದಂಗಡಿಯವ್ರು ತಿಂಗಳಗಟ್ಟಲೆ ರೊಕ್ಕ ಕೊಡೂದಿಲ್ಲ, ಅದಕ ಯಾರ ಕಾಯಬೇಕು?”

ಅದು ಖರೆಯೇ. ಕಾದಂಬರಿಗೆ ಗಿರಾಕಿ ಎಷ್ಟು ಎಂದು ನಾನು ಆವತ್ತು ಚಾದಂಗಡಿಯಲ್ಲಿ ಕೂತು ಕಣ್ಣಾರೆ ನೋಡಿದ್ದೆ. ಹಾಗೆಂದು ಬಾಯಿ ಬಿಟ್ಟು ಒಪ್ಪಲಿಲ್ಲ. ಜಗ್ಗಾಡಿದೆವು. ಈ ಸಲ ಟವೆಲ್ ಹಾಕಲಿಲ್ಲ. ಎಲ್ಲ ಬಾಯಿಂದ, ಎಲ್ಲರಿಗೂ ಕೇಳುವ ಹಾಗೆ. ಮೂರರಲ್ಲಿ ಒಂದು ಪಾಲು ನನಗೆ, ಎರಡು ಅವರಿಗೆ ಎಂದು ನಿಂತಿತು. ಬಜಾರಿನಲ್ಲಿ ನಾನು ಮಾರಿದ ಪುಸ್ತಕದಲ್ಲಿ ಮಾತ್ರ ಅರ್ಧ. ನಾವು ಎದ್ದು ಹೊರಡುವಾಗ ಮಾಲಕರು ಮೆಲ್ಲಗೆ ಕೇಳಿದರು, “ಲೇಖಕರ, ಖರೇ ಹೇಳ್ರಿ, ಆಕಿಗಿ ಅಂವ ಸಿಗ್ತಾನೋ ಇಲ್ಲೋ?”

ಹೊರಗೆ ಬಂದು ಕಾಕಾನ ಜೊತೆ ಬಜಾರಿನ ಕಡೆ ನಡೆದೆ. ನನ್ನ ಜಾಗವನ್ನು ತಿರುಗಿ ಕೇಳಬೇಕೆಂದಿದ್ದೆ. ಅವನೇ ಹೇಳಿದ.

“ಅಳಿಯನ ಬಿಡ್ಸಾಕ ಬರೂದಿಲ್ಲ ಅಂತ ಪೈಲೇನೇ ಹೇಳಿದ್ದೆ.”

“ಹೌದು ಕಾಕಾ.”

“ಆಳಂದ, ಅಫಜಲಪುರ ಅಂವಂದು. ಜೇವರ್ಗಿ ಬಜಾರಕ ಅಂವಾ ಬರೂದಿಲ್ಲ, ಅಲ್ಲಿ ಅಂವನ ಸಾಲಗಾರ್ರು ಅದಾರ.” ನಕ್ಕ. “ಅಲ್ಲಿ ನೀ ಬಾ.”

ಹೀಗೆ ಮೂರು ಬಜಾರಿನಲ್ಲಿ ನನಗೆ ಒಂದು ಉಳಿಯಿತು. ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಸೀರೆಯ ಅಂಚು ಮಡಚುತ್ತ ಕೇಳಿಸಿಕೊಂಡಳು.

“ಅಂದ್ರ ಉಳದ ದಿನ ನೀವು ಬರೀತೀರಿ, ಮನಿ ನನ್ನ ಮಷೀನ್ ಮ್ಯಾಲೆ ನಡೀತದ.”

“ಹಂಗೇ ಆಗ್ತದ ಬೇ.”

“ಕರಕ್ಕ ಮೇವು ಹಾಕಾಕಿ ನಾ ಅಂದಾಂಗಾತು. ಮತ್ತ ನನ್ನ ಪಾಲು?”

ನನ್ನ ಮೂರನೆಯ ಒಂದು ಪಾಲಿನಲ್ಲಿ ಅರ್ಧ ಅವಳಿಗೆ ಎಂದು ತೀರ್ಮಾನವಾಯಿತು. ಈ ಒಪ್ಪಂದ ಮಾತ್ರ ಪಂಚರಿಲ್ಲದೆ ಆದದ್ದು, ಮತ್ತು ಇದರಲ್ಲಿ ನನಗೆ ಒಂದು ಪೈಸೆಯನ್ನೂ ಇಳಿಸಲಾಗಲಿಲ್ಲ.

ಈಗ ಯಾರಾದರೂ, ಮುಂಗಡದ ಮೇಲೆ ಕಾದಂಬರಿಕಾರ ಬದುಕಬಹುದೇ ಎಂದು ಕೇಳಿದರೆ ನಾನು ತಿರುಗಿ ಕೇಳುತ್ತೇನೆ: ನಿಮ್ಮ ಕರುವಿಗೆ ಮೇವು ಯಾರು ಹಾಕುತ್ತಿದ್ದಾರೆ? ಅಪ್ಪನ ಹೊಲವೋ, ಹೆಂಡತಿಯ ಪಗಾರವೋ, ನಿಮ್ಮದೇ ನೌಕರಿಯೋ? ಅದನ್ನು ಮೊದಲು ನೋಡಿಕೊಳ್ಳಿ. ಎಲ್ಲೋ ಕೆಲವರಿಗೆ ಎತ್ತಿನ ಬೆಲೆ ಸಿಗುತ್ತಿರಬಹುದು. ಸಿಕ್ಕರೆ ಬಿಡಬೇಡಿ, ಆದರೆ ಸಾವಿರವೋ ಹತ್ತು ಸಾವಿರವೋ ಎಂದು ಬಾಯಿಬಿಟ್ಟು ಕೇಳಿ, ಬರೆಸಿಕೊಳ್ಳಿ. ನನಗೆ ಆ ಐದು ಸಾವಿರ ಒಂದು ವರ್ಷವನ್ನೇನೂ ಕೊಡಲಿಲ್ಲ. ಮೊದಲ ಕೆಲವು ವಾರ ಬೆಳಗಿನ ಹೊತ್ತು ಚಾ ಕುಡಿದು ಕೂರುವ ಧೈರ್ಯ ಕೊಟ್ಟಿತು. ಆಮೇಲೆ ಕೂರುವುದು ರೂಢಿಯಾಯಿತು.

ಹೋದ ವಾರ ಜೇವರ್ಗಿ ಬಜಾರಿನಲ್ಲಿ ಕಾಕಾ ಗಿರಾಕಿಯ ಪಕ್ಕ ನಿಂತಿದ್ದ, ನಾನು ಮಾರುವವನ ಪಕ್ಕ. ಹೆದ್ದಾರಿಯ ಲಾರಿಗಳ ಸದ್ದಿನಲ್ಲಿ ಮೆಲ್ಲಗೆ ಆಡಿದ ಮಾತು ಕೇಳಿಸುತ್ತಿರಲಿಲ್ಲ. ಬೆಲೆ ಕುದುರಿಸಲು ಅವನು ನನ್ನ ಕೈಮೇಲೆ ಟವೆಲ್ ಹಾಕಿದ. ಆದರೆ ಬೆರಳು ಹಿಡಿಯಲಿಲ್ಲ. ಅಂಗೈಯನ್ನು ಸುಮ್ಮನೆ ಎರಡು ಸಲ ತಟ್ಟಿ, ಹುಬ್ಬು ಏರಿಸಿದ. ಎತ್ತಿನ ಬೆಲೆಯಲ್ಲ ಕೇಳಿದ್ದು, ಕರು ಎಷ್ಟು ಬೆಳೆಯಿತು ಎಂದು. ನಾನು ಪಂಜ ಹಿಡಿದು ಒತ್ತಿದೆ.

“ಐದು ಏನ್ಲೇ?” ಈ ಸಲ ಅವನು ಎಲ್ಲರೆದುರೇ ಜೋರಾಗಿ ಕೇಳಿದ. “ಪುಟಾನೋ, ಅಧ್ಯಾಯಾನೋ?”

“ಅಧ್ಯಾಯ, ಕಾಕಾ.”

“ಸಿಕ್ಕನೇನ ಅಂವ?”

“ಇನ್ನಾ ಇಲ್ಲ. ಆಳಂದ ಬಜಾರದಾಗ ಅಂವನ್ನ ನೋಡಿದವ್ರು ಸಿಕ್ಕಾರ.”

ಮಾರುವವನು ಇಬ್ಬರ ಮುಖವನ್ನೂ ಗಾಬರಿಯಿಂದ ನೋಡಿದ. “ಯಾರ ಕಳದಾರ್ರಿ?” ಎಂದು ಕೇಳಿದ. ಕಾಕಾ ಅವನಿಗೆ ಮುದುಕಿಯ ಕಥೆಯನ್ನು ಮೊದಲಿನಿಂದ ಹೇಳತೊಡಗಿದ, ಎತ್ತಿಗೆ ಕೆಂದು ಬಣ್ಣ ತಾನೇ ಸೇರಿಸಿ. ನಾನು ಟವೆಲ್ಲಿನ ಕೆಳಗೆ ಕೈ ಇಟ್ಟುಕೊಂಡು ಕೇಳುತ್ತ ನಿಂತೆ.